ಕಾಲಿನ ಗಾಯ ಲಾಕ್‌ಡೌನ್ ಮುಗಿಯೋವರೆಗೆ ಕಾಯಲ್ಲ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ನಮ್ಮ ಅಪ್ಪಾರಿಗೆ ಈಗ 64 ವರ್ಷ. ಸಕ್ಕರೆ ಕಾಯಿಲೆ ಬಂದು 16 ವರ್ಷ ಆಯಿತು. 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆ ಜೋರಾಗಿದ್ದಾಗ, ಅವರ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ನೀರುಗುಳ್ಳೆ ಎದ್ದು ಒಡೆಯಿತು. ನೋವೇ ಇಲ್ಲ ಅಂದರು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟಿಕೊಳ್ಳುತ್ತೆ ಅಂತ ಹೆದರಿ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೆವು. ಮೂರು ವಾರಕ್ಕೆ ವಾಸನೆ ಬಂತು. ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಎರಡು ಬೆರಳು ತೆಗೆಯಬೇಕಾಯಿತು. ಮತ್ತೆ ಅಂಥ ಕಾಲ ಬಂದರೆ ಏನು ಮಾಡೋದು? ಯಾವ ಗಾಯಕ್ಕೆ ಓಡಬೇಕು, ಯಾವುದನ್ನು ಮನೆಯಲ್ಲೇ ನೋಡಿಕೊಳ್ಳಬಹುದು? ಫೋನಿನಲ್ಲಿ ತೋರಿಸಿದರೆ ಸಾಕಾ? ನಮ್ಮ ತಪ್ಪೇ ಜಾಸ್ತಿ ಅಲ್ವಾ ಅಂತ ಇವತ್ತಿಗೂ ಅನಿಸುತ್ತದೆ.

ಉತ್ತರ: ನಿಮ್ಮ ಕೊನೆಯ ಮಾತಿಗೇ ಮೊದಲು ಉತ್ತರ ಹೇಳುತ್ತೇನೆ. ತಪ್ಪನ್ನೆಲ್ಲ ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ ಅಮ್ಮಾ. ಆಗ ಹೆದರದವರು ಯಾರಿದ್ದರು? ನಾವು ಡಾಕ್ಟರುಗಳೇ "ತುರ್ತಿಲ್ಲದಿದ್ದರೆ ಬರಬೇಡಿ" ಅಂತ ಹೇಳುತ್ತಿದ್ದೆವು. ಯಾವುದು ತುರ್ತು ಅಂತ ಮಾತ್ರ ಬಿಡಿಸಿ ಹೇಳಲಿಲ್ಲ. ಹೇಳಬೇಕಿತ್ತು. ನೋವಿದ್ದರೆ ತುರ್ತು, ಇಲ್ಲದಿದ್ದರೆ ನಿಧಾನಕ್ಕೆ ನೋಡೋಣ ಅಂತ ಜನ ತಾವೇ ಲೆಕ್ಕ ಹಾಕಿಕೊಂಡರು. ಹಲ್ಲಿಗೋ ಹೊಟ್ಟೆಗೋ ಆ ಲೆಕ್ಕ ಒಂದು ಮಟ್ಟಿಗೆ ಸರಿ. ಸಕ್ಕರೆ ಕಾಯಿಲೆಯವರ ಕಾಲಿಗೆ ಅದು ಪೂರ್ತಿ ತಲೆಕೆಳಗು.

ಯಾಕೆ ಅಂತ ಹೇಳುತ್ತೇನೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ನರಗಳು ಸೊರಗುತ್ತವೆ. ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು, ಅವಕ್ಕೇ ಮೊದಲ ಏಟು. ಶುರುವಿನಲ್ಲಿ ಜುಮುಜುಮು, ಉರಿ. ಆಮೇಲೆ ಹತ್ತಿ ಮೇಲೆ ನಡೆದ ಹಾಗೆ. ಕೊನೆಗೆ ಏನೂ ಗೊತ್ತಾಗಲ್ಲ. ಹೊಲದಿಂದ ಬಂದವರ ಕಾಲಿನಲ್ಲಿ ಜಾಲಿ ಮುಳ್ಳು ಮುರಿದುಕೊಂಡಿರುತ್ತದೆ, ಅವರು ಊಟ ಮಾಡಿ ಮಲಗಿರುತ್ತಾರೆ. ನಮಗೆ ಆಣಿ ಇದ್ದರೆ ಕುಂಟುತ್ತೇವೆ. ಕುಂಟಿದರೆ ಆ ಜಾಗದ ಮೇಲೆ ಭಾರ ಬೀಳಲ್ಲ, ವಾಸಿಯಾಗುತ್ತದೆ. ನಿಮ್ಮ ಅಪ್ಪಾರು ಕುಂಟಲಿಲ್ಲ. ಗಾಯದ ಮೇಲೇ ಮೂರು ವಾರ ನಡೆದರು. ಅರಿಶಿನಕ್ಕಿಂತ ಆ ನಡಿಗೆ ಮಾಡಿದ ಹಾನಿ ದೊಡ್ಡದು.

ಈ ವಿಷಯ ಜಗತ್ತಿಗೆ ಸ್ಪಷ್ಟವಾಗಿದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ. ಕೊಲ್ಲಿಮಲೈ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಸರ್ಜನ್ 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಆ ರೋಗಿಗಳ ಕೈಕಾಲು ತಾನಾಗಿಯೇ ಕೊಳೆತು ಹೋಗುತ್ತದೆ ಅಂತ ಎಲ್ಲರೂ ನಂಬಿದ್ದರು. ಹಾಗಲ್ಲ, ನೋವು ಗೊತ್ತಾಗದ ಕಾರಣ ಅವರು ಗಾಯವಾದ ಕಾಲನ್ನೇ ಬಳಸುತ್ತಾ ಹಾಳು ಮಾಡಿಕೊಳ್ಳುತ್ತಿದ್ದಾರೆ ಅಂತ ಬ್ರಾಂಡ್ ತೋರಿಸಿದರು. ಮುಂದೆ ಅಮೆರಿಕಕ್ಕೆ ಹೋದಾಗ ಇದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ಒಯ್ದರು. ಇವತ್ತು ನಾವು ಬರೆದುಕೊಡುವ ಮೆತ್ತನೆ ಎಂ.ಸಿ.ಆರ್. ಚಪ್ಪಲಿಯನ್ನೂ (ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ರಬ್ಬರಿನದು) ಮೊದಲು ಹೀಗೆ ಕುಷ್ಠರೋಗಿಗಳಿಗೆಂದೇ ಮಾಡುತ್ತಿದ್ದರು.

ಈಗ ಕೊರೊನಾ ಕಾಲಕ್ಕೆ ಬರೋಣ. 2020ರ ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಬಸ್ಸಿಲ್ಲ. ಎಷ್ಟೋ ಕಡೆ ಹೊರರೋಗಿ ವಿಭಾಗ ಬಂದ್. ಬೆಂಗಳೂರಿನ ವಿಕ್ಟೋರಿಯಾದಂಥ ದೊಡ್ಡ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು. ವಾರಕ್ಕೊಮ್ಮೆ ಡ್ರೆಸ್ಸಿಂಗಿಗೆ ಬರುತ್ತಿದ್ದವರು ಎರಡು ತಿಂಗಳು ಕಾಣಲೇ ಇಲ್ಲ. ಬಂದಾಗ ಕೆಲವರ ಕಾಲು ಕೈಮೀರಿತ್ತು. ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಇಟಲಿಯ ನೇಪಲ್ಸ್‌ನ ವೈದ್ಯರು ಲಾಕ್‌ಡೌನ್‌ನಲ್ಲಿ ದಾಖಲಾದ ಪಾದದ ರೋಗಿಗಳನ್ನು 2019ರಲ್ಲಿ ದಾಖಲಾದವರ ಜೊತೆ ಹೋಲಿಸಿ ನೋಡಿದರು. ಬೆರಳೋ ಕಾಲೋ ತೆಗೆಯಬೇಕಾಗಿ ಬರುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚಿತ್ತು. ತಡವಾಗಿ ಬಂದಿದ್ದೇ ಇದರ ಹಿಂದಿನ ದೊಡ್ಡ ಕಾರಣ.

ಅದೇ ಹೊತ್ತಿಗೆ ಒಂದು ಒಳ್ಳೆಯ ಸಂಗತಿಯೂ ಗೊತ್ತಾಯಿತು. ಚಂಡೀಗಢದ ಪಿ.ಜಿ.ಐ. ಆಸ್ಪತ್ರೆಯವರು ಫೋನು, ವಿಡಿಯೋ ಮೂಲಕ ಪಾದ ನೋಡಿ, ಯಾರು ಬರಲೇಬೇಕು, ಯಾರಿಗೆ ಮನೆಯಲ್ಲೇ ಹೇಳಿಕೊಡಬಹುದು ಅಂತ ವಿಂಗಡಿಸಿದರು. ಹಾಗೆ ನೋಡಿಕೊಂಡವರ ಗಾಯಗಳು ಎದುರಿಗೆ ಬಂದು ತೋರಿಸಿದವರ ಗಾಯಗಳಷ್ಟೇ ಚೆನ್ನಾಗಿ ವಾಸಿಯಾದವು ಅಂತ 2021ರಲ್ಲಿ ಬರೆದರು. ಹಾಗಾಗಿ ಫೋನಿನಲ್ಲಿ ತೋರಿಸಿದರೆ ಸಾಕಾ ಅಂದಿರಲ್ಲ, ಎಷ್ಟೋ ಗಾಯಗಳಿಗೆ ಸಾಕು. ಆದರೆ ಫೋನು ಮಾಡಿದ ಮೇಲೆ "ಈಗಲೇ ಹೊರಡಿ" ಅಂದರೆ ಹೊರಡಬೇಕು. ಆ ಮಾತು ಕೇಳದಿದ್ದರೆ ಫೋನು ಮಾಡಿಯೂ ಪ್ರಯೋಜನವಿಲ್ಲ.

ಯಾವುದಕ್ಕೆ ಓಡಬೇಕು? ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಬೆರಳೋ ಪಾದವೋ ಕಪ್ಪಾದರೆ, ನೀಲಿಯಾದರೆ. ಗಾಯ ವಾಸನೆ ಬಂದರೆ. ಗಾಯದ ಸುತ್ತಲಿನ ಕೆಂಪು ಎರಡು ಸೆಂಟಿಮೀಟರ್‌ಗಿಂತ, ಅಂದರೆ ಸುಮಾರು ಒಂದು ಬೆರಳಿನ ಅಗಲಕ್ಕಿಂತ ಆಚೆ ಹರಡಿದರೆ. ಬಾವು ಕಣಕಾಲಿನಿಂದ ಮೇಲಕ್ಕೆ ಏರಿದರೆ. ಗಾಯದೊಳಗೆ ಎಲುಬು ಕಂಡರೆ. ಚಳಿಜ್ವರ, ವಾಂತಿ, ಮಂಪರು ಇದ್ದರೆ. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ ಬಿಳಿಚಿಕೊಂಡು ವಿಪರೀತ ನೋವು ಬಂದರೆ. ಇವುಗಳಲ್ಲಿ ಒಂದು ಇದ್ದರೂ ಅದೇ ದಿನ, ಅದೇ ಗಂಟೆ ಹೊರಡಿ. 108ಕ್ಕೆ ಫೋನು ಮಾಡಿ. ಹೊರಗೆ ಯಾವ ರೋಗ ಇದ್ದರೂ ಸರಿ, ಮಾಸ್ಕ್ ಹಾಕಿಕೊಂಡು ಹೋಗಿ. ಕೊನೆಯದಂತೂ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರ ಗುರುತು. ಅಲ್ಲಿ ಲೆಕ್ಕ ಗಂಟೆಗಳಲ್ಲಿ. ಕೊರೊನಾ ಬಂದವರಲ್ಲಿ ಹೀಗೆ ಹೆಪ್ಪು ಕಟ್ಟಿದ್ದನ್ನು ನಾವು ಕಂಡಿದ್ದೇವೆ.

ಜ್ವರ ಇಲ್ಲ, ಹಾಗಾಗಿ ಕೀವು ಒಳಗೆ ಇಳಿದಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಸಲ ಕಾಲು ಕೊಳೆಯುತ್ತಿದ್ದರೂ ಜ್ವರ ಬರಲ್ಲ. ಮಾತ್ರೆ, ಊಟ ಎಲ್ಲ ಎಂದಿನಂತೆ ಇದ್ದೂ ಶುಗರ್ ಮಾತ್ರ ಕಾರಣವಿಲ್ಲದೆ 300 ದಾಟುತ್ತಿದ್ದರೆ ಪಾದ ಬಿಚ್ಚಿ ನೋಡಿ.

ಹೊಸದಾಗಿ ಒಂದು ಗುಳ್ಳೆಯೋ ಹುಣ್ಣೋ ಆಗಿದೆ, ಮೇಲೆ ಹೇಳಿದ ಯಾವ ಗುರುತೂ ಇಲ್ಲ ಅಂದರೆ ಒಂದೆರಡು ದಿನದೊಳಗೆ ಡಾಕ್ಟರಿಗೆ ತೋರಿಸಬೇಕು. ಇಲ್ಲಿ ಫೋನು ನಡೆಯುತ್ತದೆ. ಫೋನಿನಲ್ಲೇ ಡಾಕ್ಟರ ಜೊತೆ ಮಾತಾಡಿಸುವ ಸರ್ಕಾರದ ಇ-ಸಂಜೀವಿನಿ ಇದೆ, 104 ಆರೋಗ್ಯ ಸಹಾಯವಾಣಿ ಇದೆ, ನಿಮ್ಮ ಊರಿನ ಆಶಾ ಕಾರ್ಯಕರ್ತೆ ಇದ್ದಾರೆ. ಆಗಲೇ ವಾಸಿಯಾಗುತ್ತಿರುವ, ಒಣಗುತ್ತಿರುವ ಗಾಯವಾದರೆ ಮನೆಯಲ್ಲೇ ಡ್ರೆಸ್ಸಿಂಗ್ ಮಾಡಿ ವಾರಕ್ಕೊಮ್ಮೆ ಫೋಟೋ ಕಳಿಸಿದರೆ ಸಾಕು. ನಾಲ್ಕು ವಾರದಲ್ಲಿ ಗಾಯ ಅರ್ಧಕ್ಕೆ ಇಳಿಯದಿದ್ದರೆ ಮಾತ್ರ ಏನೋ ಸರಿಯಿಲ್ಲ ಅಂತ ತಿಳಿಯಿರಿ. ರಕ್ತ ಓಡುತ್ತಿಲ್ಲವೋ, ಎಲುಬಿಗೆ ಸೋಂಕು ಇಳಿದಿದೆಯೋ, ಅಥವಾ ಗಾಯದ ಮೇಲೆ ಭಾರ ಬೀಳುತ್ತಲೇ ಇದೆಯೋ ಅಂತ ಪರೀಕ್ಷೆ ಆಗಬೇಕು.

ಇನ್ನೊಂದು ಮೋಸದ ಕಾಲಿದೆ. ಗಾಯವೇ ಇರಲ್ಲ. ಪಾದ ಕೆಂಪಗೆ, ಬಿಸಿಯಾಗಿ, ಊದಿಕೊಂಡಿರುತ್ತದೆ. ನೋವು ಇರಲ್ಲ, ಇದ್ದರೂ ಸ್ವಲ್ಪ. ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತಾರೆ. ಇದಕ್ಕೆ ಶಾರ್ಕೋ ಪಾದ ಎನ್ನುತ್ತೇವೆ. ಒಳಗೆ ಸಣ್ಣ ಎಲುಬುಗಳು ಮುರಿದು ಕುಸಿಯುತ್ತಿರುತ್ತವೆ. ಮೊದಲ ದಿನಗಳಲ್ಲಿ ಎಕ್ಸ್‌ರೇಯಲ್ಲೂ ಕಾಣದೆ ಇರಬಹುದು. ಆ ಕಾಲನ್ನು ನೆಲಕ್ಕೆ ಊರಬಾರದು, ಬೇಗ ತೋರಿಸಬೇಕು. ನಡೆಯುತ್ತಾ ಹೋದರೆ ಪಾದದ ಕಮಾನು ಕುಸಿದು ದೋಣಿಯ ತಳದ ಹಾಗಾಗುತ್ತದೆ. ಆಮೇಲೆ ಅಲ್ಲೇ ಹುಣ್ಣು.

ಫೋನಿನಲ್ಲಿ ತೋರಿಸುವುದಕ್ಕೂ ಒಂದು ಕ್ರಮ ಇದೆ. ಆ ದಿನಗಳಲ್ಲಿ ನನ್ನ ಫೋನಿಗೆ ಬಂದ ಫೋಟೋಗಳಲ್ಲಿ ಅರ್ಧ ಮಸುಕು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕೆಂಪು ಯಾವುದು, ಕಪ್ಪು ಯಾವುದು ಗೊತ್ತಾಗುತ್ತಿರಲಿಲ್ಲ. ಬೆಳಗಿನ ಹೊತ್ತು ಜಗಲಿಯ ಬೆಳಕಿನಲ್ಲಿ ತೆಗೆಯಿರಿ. ಅರಿಶಿನ, ಪೌಡರು, ಮುಲಾಮು ಏನಿದ್ದರೂ ಮೊದಲು ತೊಳೆಯಿರಿ. ಅರಿಶಿನದ ದೊಡ್ಡ ತೊಂದರೆ ಅಂದರೆ ಎಲ್ಲವನ್ನೂ ಹಳದಿ ಮಾಡಿ ಕೆಂಪನ್ನು ಮುಚ್ಚಿಬಿಡುತ್ತದೆ. ನಿಮ್ಮ ಅಪ್ಪಾರ ಗಾಯದಲ್ಲಿ ಆಗಿದ್ದೂ ಅದೇ ಇರಬಹುದು. ಎರಡೂ ಪಾದ ಒಟ್ಟಿಗೆ ಇಟ್ಟು ಒಂದು, ಅಂಗಾಲಿನದು ಒಂದು, ಬೆರಳ ಸಂದಿಯದು ಒಂದು, ಗಾಯದ ಪಕ್ಕ ಮಕ್ಕಳ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು. ಅದರ ಜೊತೆಗೆ ಚಪ್ಪಲಿಯದೂ ಒಂದು.

ಚಪ್ಪಲಿ ಯಾಕೆ ಅಂದರೆ, 2020ರ ಏಪ್ರಿಲಿನಲ್ಲಿ ಒಬ್ಬ ಅಜ್ಜಿಯ ಮೊಮ್ಮಗ ವಿಡಿಯೋ ಕಾಲ್ ಮಾಡಿದ್ದ. ಹುಡುಗನಿಗೆ ಹನ್ನೆರಡೋ ಹದಿಮೂರೋ ಇರಬೇಕು. ಅಜ್ಜಿಯ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡು ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫೋನು ಹಿಡಿದಿದ್ದ. ಹೆಬ್ಬೆರಳು, ಪಕ್ಕದ ಬೆರಳು ಇವೆರಡರ ನಡುವೆ ತುಸು ಹಿಂದಕ್ಕೆ, ಅಂಗಾಲಿನಲ್ಲಿ ಮೆಣಸಿನ ಕಾಳಿನಷ್ಟು ಹುಣ್ಣು. ಎರಡು ವಾರದಿಂದ ಡ್ರೆಸ್ಸಿಂಗ್ ಮಾಡಿದರೂ ಕೂಡುತ್ತಿಲ್ಲ ಅಂದ. ಗಾಯ ನೋಡಿದರೆ ಸ್ವಚ್ಛವಾಗಿತ್ತು. ನನಗೂ ಅರ್ಥವಾಗಲಿಲ್ಲ. "ಅಜ್ಜಿ ಚಪ್ಪಲಿ ತಗೊಂಡು ಬಾರಪ್ಪಾ" ಅಂದೆ. ಹಳೆಯ ಹವಾಯಿ ಚಪ್ಪಲಿ. ಉಂಗುಟದ ಬಾರು ಕಿತ್ತುಹೋಗಿತ್ತು. ಅಂಗಡಿ ಬಂದ್, ಹೊಲಿಯುವವರೂ ಇಲ್ಲ, ಹಾಗಾಗಿ ಅಜ್ಜಿ ಒಂದು ಪಿನ್ನು ಚುಚ್ಚಿ ಬಾರನ್ನು ನಿಲ್ಲಿಸಿಕೊಂಡಿದ್ದರು. ಆ ಪಿನ್ನಿನ ತಲೆ ಮೇಲಕ್ಕೆ ಎದ್ದು ಸರಿಯಾಗಿ ಹುಣ್ಣಿನ ಜಾಗಕ್ಕೇ ಒತ್ತುತ್ತಿತ್ತು. ಅಜ್ಜಿಗೆ ಗೊತ್ತೇ ಆಗಿರಲಿಲ್ಲ. ಹುಡುಗ ಪಿನ್ನು ಕಿತ್ತು ಕ್ಯಾಮೆರಾಗೆ ತೋರಿಸಿದ, ತುದಿ ತುಕ್ಕು ಹಿಡಿದಿತ್ತು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಟಿ.ಟಿ. ಇಂಜೆಕ್ಷನ್ ಹಾಕಿಸಿದರು, ಬೇರೆ ಚಪ್ಪಲಿ ಹಾಕಿದರು, ಮೂರು ವಾರಕ್ಕೆ ಹುಣ್ಣು ಕೂಡಿಕೊಂಡಿತು. ಅವತ್ತಿನಿಂದ ಪಾದ ತೋರಿಸುವ ಎಲ್ಲರಿಗೂ ಚಪ್ಪಲಿ ತೋರಿಸಿ ಅನ್ನುತ್ತೇನೆ.

ಡ್ರೆಸ್ಸಿಂಗ್ ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಕೈಯನ್ನು ಸೋಪು ಹಾಕಿ ತೊಳೆಯಿರಿ. ಹಳೆಯ ಪಟ್ಟಿ ಅಂಟಿಕೊಂಡಿದ್ದರೆ ಎಳೆಯಬೇಡಿ, ಸಲೈನ್ ಹಾಕಿ ನೆನೆಸಿ ಬಿಡಿಸಿ. ಸಲೈನ್ ಸಿಗದಿದ್ದರೆ ಕುದಿಸಿ ಆರಿಸಿದ ನೀರು ಸಾಕು. ಪಟ್ಟಿಯನ್ನು ಎಸೆಯುವ ಮೊದಲು ಒಮ್ಮೆ ನೋಡಿ, ಮೂಸಿ. ನಿನ್ನೆಗಿಂತ ಜಾಸ್ತಿ ಒದ್ದೆಯಾ? ಬಣ್ಣ ಬದಲಾಗಿದೆಯಾ? ಇಷ್ಟು ತಿಳಿಸಿದರೆ ಫೋನಿನ ಆಚೆ ಇರುವ ಡಾಕ್ಟರಿಗೆ ದೊಡ್ಡ ಸಹಾಯ. ಗಾಯ ತೊಳೆದು, ಸುತ್ತಲಿನ ಚರ್ಮ ಒರೆಸಿ, ಗಾಜ್ ಇಟ್ಟು ಸಡಿಲವಾಗಿ ಕಟ್ಟಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುರುಗು ಬರುತ್ತದೆ, ಕೊಳೆ ಎಲ್ಲ ಹೋಯಿತು ಅನಿಸುತ್ತದೆ. ಹೊಸದಾಗಿ ಬರುತ್ತಿರುವ ಕೆಂಪು ಮಾಂಸಕ್ಕೂ ಅದು ಕೆಡುಕು. ಡೆಟಾಲ್, ಸ್ಪಿರಿಟ್ ಸುರಿಯುವುದೂ ಬೇಡ. ಸುಣ್ಣ, ಕಾಫಿಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಜೋಮು ಹಿಡಿದ ಕಾಲಿಗೆ ಅಂಟು ಪ್ಲಾಸ್ಟರ್ ನೇರವಾಗಿ ಹಚ್ಚಿದರೆ ಕೀಳುವಾಗ ಚರ್ಮವೇ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಪೇಪರ್ ಟೇಪ್ ಕೇಳಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿ ಪ್ಲಾಸ್ಟರೂ ಹಾಕಬೇಡಿ. ಅದರಲ್ಲಿರುವ ಆಸಿಡ್ ಚರ್ಮ ಸುಡುತ್ತದೆ.

ಆಂಟಿಬಯಾಟಿಕ್ ಬಗ್ಗೆಯೂ ಹೇಳಿಬಿಡುತ್ತೇನೆ. ಗಾಯ ಕಂಡ ಕೂಡಲೇ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಸೋಂಕಿಲ್ಲದ ಹುಣ್ಣು ಆಂಟಿಬಯಾಟಿಕ್‌ನಿಂದ ಬೇಗ ಕೂಡಲ್ಲ. ಸೋಂಕು ಇದ್ದರೆ ಯಾವ ಮಾತ್ರೆ, ಎಷ್ಟು ದಿನ ಅಂತ ಡಾಕ್ಟರು ಹೇಳಬೇಕು.

ಈಗ ನನಗೆ ಅತಿ ಮುಖ್ಯ ಅನಿಸುವ ಮಾತು. ಜನ ಡ್ರೆಸ್ಸಿಂಗಿಗೆ ಕೊಡುವ ಗಮನದ ಕಾಲು ಭಾಗ ಭಾರ ತಪ್ಪಿಸುವುದಕ್ಕೆ ಕೊಟ್ಟರೂ ಎಷ್ಟೋ ಬೆರಳು ಉಳಿಯುತ್ತವೆ. ಡ್ರೆಸ್ಸಿಂಗ್ ದಿನಕ್ಕೆ ಒಂದು ಸಲ. ಹಜಾರದಿಂದ ಬಚ್ಚಲಿಗೆ, ಬಚ್ಚಲಿಂದ ಕೊಟ್ಟಿಗೆಗೆ ಅಂತ ಓಡಾಡಿದರೆ ಗಾಯದ ಮೇಲೆ ಮೈಭಾರ ಬೀಳುವುದು ನೂರಾರು ಸಲ. ಆಸ್ಪತ್ರೆಯಲ್ಲಿ ಪೂರ್ತಿ ಪಾದಕ್ಕೆ ಅಂಟಿದಂತೆ ಹಾಕುವ ಒಂದು ಬಗೆಯ ಪ್ಲಾಸ್ಟರ್ ಇದೆ, ಅದು ಭಾರವನ್ನು ಹಂಚಿಬಿಡುತ್ತದೆ. ಅಂಗಾಲಿನ ಹುಣ್ಣಿಗೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಕಡಿಮೆ. ಆದರೆ ಅದನ್ನು ಹಾಕಿದ ಮೇಲೆ ಮತ್ತೆ ಮತ್ತೆ ನೋಡುತ್ತಿರಬೇಕು, ಬಸ್ಸೇ ಇಲ್ಲದ ಕಾಲದಲ್ಲಿ ಆಗುವ ಮಾತಲ್ಲ. ಆಗ ಮನೆಯನ್ನೇ ಬದಲಿಸಬೇಕು. ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ನೀರಿನ ಚೊಂಬು, ಮಾತ್ರೆ, ಫೋನು ಕೈಗೆ ಸಿಗುವಂತಿರಲಿ. ಎದ್ದರೆ ವಾಕರ್ ಹಿಡಿದೇ ಏಳಬೇಕು. ಚಪ್ಪಲಿಯಲ್ಲಿ ಗಾಯದ ಜಾಗಕ್ಕೆ ಸರಿಯಾಗಿ ತೂತು ಕೊರೆಯುವವರಿದ್ದಾರೆ. ಹಾಗೆ ಮಾಡಬೇಡಿ, ತೂತಿನ ಅಂಚು ಒತ್ತಿ ಗಾಯ ದೊಡ್ಡದಾಗುತ್ತದೆ.

ಗಂಡಸರನ್ನು ಹೀಗೆ ಕೂರಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನೋವಿಲ್ಲದ ಮನುಷ್ಯನಿಗೆ "ಏಳಬೇಡಿ" ಅಂದರೆ "ನನಗೇನಾಗಿದೆ?" ಅನ್ನುತ್ತಾರೆ. ಗದರಬೇಡಿ. ಅಂಗಾಲಿನ ಫೋಟೋ ತೆಗೆದು ಅವರಿಗೇ ತೋರಿಸಿ. ಕಾಲಿಗೆ ಗೊತ್ತಾಗದ್ದು ಕಣ್ಣಿಗೆ ಕಾಣುತ್ತದೆ. ಎಷ್ಟೋ ಜನ ಫೋಟೋ ನೋಡಿದ ಮೇಲೇ ಸುಮ್ಮನೆ ಕೂತಿದ್ದಾರೆ.

ಜ್ವರ ಬಂದು ವಾರಗಟ್ಟಲೆ ಮಲಗಿದವರ ಹಿಮ್ಮಡಿಯನ್ನೂ ನೋಡಬೇಕು. ಕೋವಿಡ್ ಗುಣವಾಗಿ ಮನೆಗೆ ಬಂದವರ ಹಿಮ್ಮಡಿಯಲ್ಲಿ ಕಪ್ಪು ಕಲೆ ಕಂಡಿದ್ದೇನೆ. ಹಾಸಿಗೆಗೆ ಒತ್ತಿ ಒತ್ತಿ ಆದದ್ದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ಇರುವಂತೆ ಮಾಡಿದರೆ ಇದನ್ನು ತಪ್ಪಿಸಬಹುದು.

ಸಕ್ಕರೆಯ ಮಾತು ಚಿಕ್ಕದಾಗಿ. ಎರಡನೇ ಅಲೆಯಲ್ಲಿ ಆಕ್ಸಿಜನ್ ಬೇಕಿಲ್ಲದವರೂ ಮನೆಯಲ್ಲೇ ಸ್ಟೆರಾಯ್ಡ್ ನುಂಗಿದರು. ಸ್ಟೆರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಏರಿದ ಸಕ್ಕರೆಯಲ್ಲಿ ಗಾಯ ಕೂಡಲ್ಲ, ಸೋಂಕು ಬೇಗ ಹರಡುತ್ತದೆ. ಡಾಕ್ಟರು ಸ್ಟೆರಾಯ್ಡ್ ಬರೆದರೆ "ನನಗೆ ಸಕ್ಕರೆ ಕಾಯಿಲೆ ಇದೆ, ಕಾಲಿನಲ್ಲಿ ಗಾಯ ಇದೆ" ಅಂತ ಹೇಳಿಬಿಡಿ. ಇನ್ಸುಲಿನ್ ನಿಲ್ಲಿಸಬೇಡಿ, ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಫ್ರಿಜ್ ಇಲ್ಲದಿದ್ದರೆ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಣ್ಣೀರಿನ ಮಣ್ಣಿನ ಮಡಕೆಯಲ್ಲಿ ಇಡಬಹುದು. ಬೀಡಿ ಇದ್ದರೆ ಅದನ್ನು ಬಿಡಿಸಲೇಬೇಕು. ನರ ಸೊರಗಿದ ಕಾಲಿಗೆ ರಕ್ತವೂ ಕಡಿಮೆಯಾದರೆ ನಮ್ಮ ಕೈಯಲ್ಲಿ ಉಳಿಯುವ ದಾರಿ ಬಹಳ ಕಮ್ಮಿ.

ಇನ್ನು ನಿಮ್ಮ ಅಪ್ಪಾರ ಮಾತು. ಎರಡು ಬೆರಳು ಹೋದ ಪಾದದಲ್ಲಿ ಭಾರ ಉಳಿದ ಬೆರಳುಗಳ ಬುಡಕ್ಕೆ ಬೀಳುತ್ತದೆ. ಒಮ್ಮೆ ಹುಣ್ಣಾಗಿ ವಾಸಿಯಾದವರಲ್ಲಿ ಸುಮಾರು 40 ಶೇಕಡ ಜನರಿಗೆ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ, ಐದು ವರ್ಷದಲ್ಲಿ ಸುಮಾರು 65 ಶೇಕಡ. ಹೆದರಿಸಲು ಹೇಳುತ್ತಿಲ್ಲ. ಗಾಯ ಮಾಗಿತು ಅಂತ ನೋಡುವುದನ್ನು ನಿಲ್ಲಿಸಬೇಡಿ ಅಂತ ಹೇಳುತ್ತಿದ್ದೇನೆ. ಎಡಗಾಲನ್ನೂ ಅಷ್ಟೇ ನೋಡಬೇಕು.

ರಾತ್ರಿ ಊಟ ಆದ ಮೇಲೆ ಎರಡು ನಿಮಿಷ ಸಾಕು. ಅಂಗಾಲು, ಹಿಮ್ಮಡಿ, ಬೆರಳ ಸಂದಿ. ನಿಮ್ಮ ಅಂಗೈಯ ಹಿಂಭಾಗವನ್ನು ಒಮ್ಮೆ ಈ ಪಾದಕ್ಕೆ, ಒಮ್ಮೆ ಆ ಪಾದಕ್ಕೆ ಮುಟ್ಟಿಸಿ. ಒಂದು ಜಾಗ ಇನ್ನೊಂದು ಕಾಲಿನ ಅದೇ ಜಾಗಕ್ಕಿಂತ ಬಿಸಿಯಾಗಿದ್ದರೆ ಹುಣ್ಣು ಬರುವ ಮುನ್ಸೂಚನೆ ಇರಬಹುದು, ಎರಡು ದಿನ ಆ ಕಾಲಿಗೆ ವಿಶ್ರಾಂತಿ ಕೊಟ್ಟು ಡಾಕ್ಟರಿಗೆ ಫೋನು ಮಾಡಿ. ಸ್ಪರ್ಶ ನೋಡುವುದಕ್ಕೂ ಒಂದು ಸುಲಭದ ದಾರಿ ಇದೆ, ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ್ದು. ಕಣ್ಣು ಮುಚ್ಚಿಸಿ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಬೇಕು. ಆರರಲ್ಲಿ ಎರಡೋ ಅದಕ್ಕಿಂತ ಜಾಸ್ತಿಯೋ ಗೊತ್ತಾಗದಿದ್ದರೆ ಕಾಲಿನ ಸ್ಪರ್ಶ ಕುಂದಿದೆ ಅಂತ ಅರ್ಥ. ಅಪ್ಪಾರಿಗೆ ಕುಂದಿರುವುದು ಗೊತ್ತೇ ಇದೆ. ನಿಮ್ಮ ಅಮ್ಮನಿಗೋ ಚಿಕ್ಕಪ್ಪನಿಗೋ ಶುಗರ್ ಇದ್ದರೆ ಅವರಿಗೂ ಇವತ್ತೇ ಮಾಡಿ ನೋಡಿ.

ಮನೆಯೊಳಗೂ ಬರಿಗಾಲು ಬೇಡ. ಬಿಸಿನೀರಿನ ಚೀಲ ಬೇಡ, ಸ್ನಾನದ ನೀರನ್ನು ಬೇರೆಯವರು ಮೊಣಕೈಯಿಂದ ಮುಟ್ಟಿ ನೋಡಲಿ. ದೇವಸ್ಥಾನಕ್ಕೆ ಹೋದರೆ ಕಲ್ಲು ಕಾಯುವ ಮೊದಲು, ಬೆಳಗ್ಗೆಯೇ ಹೋಗಿ ಬರಲಿ. ಹಗೇವು, ಕಾಳಿನ ಚೀಲ ಇರುವ ಕಡೆ ಮಲಗುವುದಾದರೆ ಸೊಳ್ಳೆಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಇಲಿ ಕಚ್ಚಿದ್ದು ಗೊತ್ತಾಗದೆ ಬೆಳಗ್ಗೆ ರಕ್ತ ನೋಡಿ ಬಂದವರಿಗೆ ನಾನೇ ಚಿಕಿತ್ಸೆ ಕೊಟ್ಟಿದ್ದೇನೆ.

ಈ ವಾರ ಒಂದು ಕೆಲಸ ಮಾಡಿ. ಭಾನುವಾರ ಬೆಳಗ್ಗೆ ಅಪ್ಪಾರನ್ನು ಜಗಲಿಯಲ್ಲಿ ಕೂರಿಸಿ, ಎರಡೂ ಅಂಗಾಲು ತೊಳೆದು ಒರೆಸಿ ಫೋಟೋ ತೆಗೆಯಿರಿ. ಈಗ ಹಾಕುತ್ತಿರುವ ಚಪ್ಪಲಿಯೊಳಗೆ ಕೈ ಹಾಕಿ ಬೆರಳಿನಿಂದ ತಡವಿ ನೋಡಿ, ಮೊಳೆ, ಮುಳ್ಳು, ಸುಕ್ಕು ಏನಾದರೂ ತಾಗುತ್ತದಾ ಅಂತ. ಹೋದ ಬೆರಳುಗಳ ಜಾಗ ತುಂಬುವ ಹಾಗೆ ಎಂ.ಸಿ.ಆರ್. ಚಪ್ಪಲಿ ಮಾಡಿಸಿದ್ದೀರಾ? ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿದ ಡಾಕ್ಟರಿಗೆ ಆ ಫೋಟೋಗಳನ್ನು ಕಳಿಸಿ, ಅಳತೆ ಕೊಡಲು ಯಾವಾಗ ಬರಲಿ ಅಂತ ಕೇಳಿ. ಚಪ್ಪಲಿಯ ಫೋಟೋವನ್ನೂ ಮರೆಯದೆ ಸೇರಿಸಿ.